ನರ್ಸ್‌ಗಳ ಹೊಸ ಉಪಾಯ ವಾರ್ಡಿಗೆ ಇಳಿಯುವುದು ಯಾವಾಗ? ಮನಸ್ಸಿನ ಕಡೆಯಿಂದ ಒಂದಿಷ್ಟು ಪ್ರಶ್ನೋತ್ತರ

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್‌ಗಳು, ವಾರ್ಡ್ ಇನ್‌ಚಾರ್ಜ್‌ಗಳು, ನರ್ಸಿಂಗ್ ಓದುತ್ತಿರುವವರು ಈ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಉತ್ತರಗಳಲ್ಲಿ ಸಂಶೋಧನೆ ಹೇಳಿದ್ದೂ ಇದೆ, ವರ್ಷಗಟ್ಟಲೆ ವಾರ್ಡಿನಲ್ಲಿ ಓಡಾಡಿದ ನನ್ನ ಅಭಿಪ್ರಾಯವೂ ಇದೆ.

ನರ್ಸ್ ಹೊಸತನ ತೋರಿಸಬೇಕು ಅಂದರೆ ಹೊಸ ಯಂತ್ರ ಕಂಡುಹಿಡಿಯಬೇಕಾ?

ಬೇಡ. ಕಂಡುಹಿಡಿದರೆ ಸಂತೋಷ. ಆದರೆ ನಾವಿಲ್ಲಿ ಮಾತಾಡುತ್ತಿರುವುದು ಅದಕ್ಕಿಂತ ಚಿಕ್ಕ ಸಂಗತಿಗಳ ಬಗ್ಗೆ. ಶಿಫ್ಟ್ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್‌ನ ಕ್ರಮ, ಟ್ರಾಲಿಯಲ್ಲಿ ಸಾಮಾನು ಜೋಡಿಸುವ ರೀತಿ, ಮಾತು ಬಾರದ ರೋಗಿ ನೋವು ಎಲ್ಲಿದೆ ಅಂತ ತೋರಿಸಲು ಒಂದು ಚಿತ್ರದ ಹಾಳೆ, ಮನೆಗೆ ಹೊರಟವರಿಗೆ ಮಾತ್ರೆ ತೆಗೆದುಕೊಳ್ಳುವುದನ್ನು ಹೇಳಿಕೊಡುವ ಬೇರೆ ಬಗೆ. ಆ ವಾರ್ಡಿಗೆ ಅದು ಹೊಸದಾಗಿರಬೇಕು, ರೋಗಿಗೋ ಕೆಲಸ ಮಾಡುವವರಿಗೋ ಅನುಕೂಲ ಆಗಬೇಕು. ಅಷ್ಟು ಸಾಕು. ಬೇರೆಲ್ಲೋ ಮೊದಲೇ ಇತ್ತು ಅನ್ನುವುದು ಲೆಕ್ಕಕ್ಕಿಲ್ಲ.

ಕೆಲಸದಲ್ಲಿ ಹೊಸತನ ತರುವುದನ್ನು ಅಧ್ಯಯನ ಮಾಡುವವರು ಅದನ್ನು ಸಾಮಾನ್ಯವಾಗಿ ಮೂರು ಹೆಜ್ಜೆಯಾಗಿ ನೋಡುತ್ತಾರೆ. ಉಪಾಯ ಹೊಳೆಯುವುದು, ಅದಕ್ಕೆ ನಾಲ್ಕು ಜನರನ್ನು ಒಪ್ಪಿಸುವುದು, ಬಳಕೆಗೆ ತರುವುದು. ನರ್ಸ್‌ಗಳಿಗೆ ಮೊದಲನೆಯದು ಕಷ್ಟವೇ ಅಲ್ಲ ಅನ್ನುತ್ತೇನೆ. ಟೀ ಕುಡಿಯುವ ಹೊತ್ತಿನಲ್ಲಿ ಅವರ ಜೊತೆ ಹತ್ತು ನಿಮಿಷ ಕೂತು ನೋಡಿ, ಐದು ಉಪಾಯ ಕಿವಿಗೆ ಬೀಳುತ್ತವೆ. ಲೋಟ ತೊಳೆದಿಡುವ ಹೊತ್ತಿಗೆ ಅವೂ ತೊಳೆದು ಹೋಗಿರುತ್ತವೆ. ಎರಡನೇ ಹೆಜ್ಜೆಗೆ ಬುದ್ಧಿಗಿಂತ ಜಾಸ್ತಿ ಧೈರ್ಯ ಬೇಕು. ಮನಸ್ಸಿನ ಪ್ರಶ್ನೆ ಬರುವುದು ಅಲ್ಲೇ.

ನರ್ಸ್‌ಗಳಿಂದ ಶುರುವಾಗಿ ಪ್ರಪಂಚಕ್ಕೆಲ್ಲ ಹರಡಿದ ಉದಾಹರಣೆ ಇದೆಯಾ?

ಇದೆ. ನನಗೆ ತುಂಬಾ ಇಷ್ಟವಾದದ್ದು ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್ ಅವರ ಕತೆ. ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳ ವಾರ್ಡು ಅವರ ಜವಾಬ್ದಾರಿ. ಎಳೆ ಮಕ್ಕಳಿಗೆ ಗಾಳಿ, ಬಿಸಿಲು ಒಳ್ಳೆಯದು ಅನ್ನುವುದು ಅವರ ನಂಬಿಕೆ. ಬಿಸಿಲಿದ್ದ ದಿನ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತಿದ್ದರು. 1956ರಲ್ಲಿ ಒಂದು ದಿನ ರೌಂಡ್ಸಿಗೆ ಬಂದ ಡಾಕ್ಟರಿಗೆ ಒಂದು ಮಗುವಿನ ಬಟ್ಟೆ ಬಿಚ್ಚಿ ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಒಂದು ತ್ರಿಕೋನದಷ್ಟು ಜಾಗ ಮಾತ್ರ ಗಾಢ ಹಳದಿ. ಇದಕ್ಕೆ ಏನು ಬಣ್ಣ ಹಚ್ಚಿದಿರಿ ಅಂತ ಡಾಕ್ಟರ್ ಕೇಳಿದರು. ಸಿಸ್ಟರಿಗೆ ಮುಜುಗರ. ಆದರೂ ತಮಗೆ ಅನ್ನಿಸಿದ್ದನ್ನು ಹೇಳಿದರು: ಮಗುವಿಗೆ ಕಾಮಾಲೆ ಇತ್ತು, ಹೊದಿಕೆಯ ಮೂಲೆ ಮುಚ್ಚಿದ್ದ ಕಡೆ ಹಳದಿ ಉಳಿದಿದೆ, ಬಿಸಿಲು ಬಿದ್ದ ಕಡೆ ಮಾಸಿದೆ. ಆವತ್ತು ಅದು ಅಲ್ಲಿಗೇ ನಿಂತಿತು. ಆಮೇಲೆ ಅದೇ ಆಸ್ಪತ್ರೆಯಲ್ಲಿ, ಬಿಸಿಲಿನಲ್ಲಿ ಉಳಿದುಹೋದ ರಕ್ತದ ಮಾದರಿಯಲ್ಲಿ, ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ಕಡಿಮೆಯಾಗಿದ್ದು ಕಂಡಿತು. ಎರಡೂ ಸೇರಿ 1958ರಲ್ಲಿ ಅಲ್ಲಿನ ವೈದ್ಯರು ಬೆಳಕಿನ ಚಿಕಿತ್ಸೆಯ ಬಗ್ಗೆ ಲೇಖನ ಪ್ರಕಟಿಸಿದರು. ಇವತ್ತು ನವಜಾತ ಶಿಶುಗಳ ವಾರ್ಡಿನಲ್ಲಿ ಫೋಟೋಥೆರಪಿ ದೀಪ ಇಲ್ಲದ ಕಡೆ ಹುಡುಕಬೇಕು.

ಇನ್ನೊಂದು ಡೆನ್ಮಾರ್ಕಿನದು. ಎಲಿಸ್ ಸೋರೆನ್‌ಸೆನ್ ಎಂಬ ನರ್ಸ್‌ನ ತಂಗಿಗೆ ಕರುಳಿನ ಶಸ್ತ್ರಚಿಕಿತ್ಸೆ ಆಗಿ ಹೊಟ್ಟೆಯ ಮೇಲೆ ದ್ವಾರ ಮಾಡಿದ್ದರು. ಸೋರುತ್ತದೆ ಅನ್ನುವ ಭಯಕ್ಕೆ ಆಕೆ ಮನೆಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. 1954ರಲ್ಲಿ ಎಲಿಸ್‌ಗೆ ಮೈಗೆ ಅಂಟುವ, ಬಳಸಿ ಎಸೆಯುವ ಚೀಲದ ಉಪಾಯ ಹೊಳೆಯಿತು. ಪ್ಲಾಸ್ಟಿಕ್ ಕಾರ್ಖಾನೆಯ ಮಾಲೀಕ ಓಗೆ ಲೂಯಿಸ್ ಹ್ಯಾನ್‌ಸೆನ್‌ಗೆ ಮೊದಲು ಆಸಕ್ತಿ ಬರಲಿಲ್ಲ. ಅವರ ಹೆಂಡತಿ ಕೂಡ ನರ್ಸಿಂಗ್ ಓದಿದವರು. ಅವರು ಒತ್ತಾಯ ಮಾಡಿದ ಮೇಲೆ ಕೆಲಸ ನಡೆಯಿತು. 1957ರಲ್ಲಿ ಇದಕ್ಕಾಗಿಯೇ ಕೊಲೋಪ್ಲಾಸ್ಟ್ ಕಂಪನಿ ಹುಟ್ಟಿತು.

ಎಮರ್ಜೆನ್ಸಿಯಲ್ಲಿ ತಳ್ಳಿಕೊಂಡು ಓಡುವ ಕ್ರ್ಯಾಶ್ ಕಾರ್ಟ್ ಬೆಳೆದು ಬಂದದ್ದರಲ್ಲಿ ಅಮೆರಿಕದ ನರ್ಸ್ ಅನಿಟಾ ಡಾರ್ ಅವರ ಪಾಲು ದೊಡ್ಡದು. 1960ರ ದಶಕದ ಕೊನೆಯಲ್ಲಿ ಅವರು ಅದರ ಮೊದಲ ಮಾದರಿಯನ್ನು ಮನೆಯಲ್ಲೇ ಮಾಡಿಸಿದ್ದರು.

ಈ ಕತೆಗಳಲ್ಲಿ ನಾನು ಗಮನಿಸುವುದು ಜಾಣತನವನ್ನಲ್ಲ. ಮೂವರೂ ರೋಗಿಯ ಪಕ್ಕದಲ್ಲಿ ಹೆಚ್ಚು ಹೊತ್ತು ಇದ್ದವರು. ಮುಜುಗರ ಆದರೂ ಬಾಯಿ ಬಿಟ್ಟವರು. ಕೇಳುವ ಕಿವಿ ಒಂದಾದರೂ ಅವರಿಗೆ ಸಿಕ್ಕಿತ್ತು.

ದಿನಾ ಹತ್ತಾರು ತೊಂದರೆ ಕಣ್ಣೆದುರು ಇದ್ದರೂ ಬದಲಾವಣೆ ಯಾಕೆ ಇಷ್ಟು ಕಡಿಮೆ?

ಯಾಕೆಂದರೆ ನರ್ಸ್‌ಗಳು ಹೇಗೋ ಸುಧಾರಿಸಿಕೊಂಡು ಹೋಗುವುದರಲ್ಲಿ ಪಳಗಿದ್ದಾರೆ. ಹೊಗಳಿಕೆಯ ಹಾಗೆ ಕೇಳಿಸುತ್ತದೆ, ಅಲ್ವಾ? ತೊಂದರೆ ಇರುವುದೇ ಅದರಲ್ಲಿ.

ಅನಿಟಾ ಟಕರ್ ಮತ್ತು ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕರು ಒಂಬತ್ತು ಆಸ್ಪತ್ರೆಗಳಲ್ಲಿ 26 ನರ್ಸ್‌ಗಳ ಹಿಂದೆ ಒಟ್ಟು 239 ಗಂಟೆ ಓಡಾಡಿದರು. 2003ರಲ್ಲಿ ಅದರ ಬಗ್ಗೆ ಬರೆದರು. ಸಾಮಾನು ಸಿಗದಿರುವುದು, ಔಷಧಿ ಬಾರದಿರುವುದು, ಮಾಹಿತಿ ತಪ್ಪಿರುವುದು, ಇಂಥವು ಶಿಫ್ಟಿನ ಉದ್ದಕ್ಕೂ ಎದುರಾಗುತ್ತಿದ್ದವು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ ನರ್ಸ್‌ಗಳು ಆ ಕ್ಷಣಕ್ಕೆ ಒಂದು ದಾರಿ ಮಾಡಿಕೊಂಡು ಮುಂದೆ ಹೋದರು. ಪಕ್ಕದ ವಾರ್ಡಿನಿಂದ ಬೆಡ್‌ಶೀಟ್ ತಂದರು. ಪಕ್ಕದ ವಾರ್ಡಿಗೆ ಆಮೇಲೆ ಬೆಡ್‌ಶೀಟ್ ಸಾಲದೆ ಹೋಯಿತು. ಬೆಡ್‌ಶೀಟ್ ಯಾಕೆ ದಿನಾ ಕಡಿಮೆ ಬೀಳುತ್ತದೆ ಅಂತ ಕೇಳಬೇಕಾದವರ ಕಿವಿಗೆ ಸುದ್ದಿ ಮುಟ್ಟಲೇ ಇಲ್ಲ.

ಇದು ಸೋಮಾರಿತನ ಅಲ್ಲ. ಎದುರಿಗೆ ರೋಗಿ ಇದ್ದಾಗ ಮೊದಲು ಆ ರೋಗಿಯ ಕೆಲಸವೇ ಆಗಬೇಕು. ಆದರೆ ತೊಂದರೆ ನೀಗಿದಾಗ ಮನಸ್ಸಿಗೆ ಒಂದು ಸಮಾಧಾನ ಸಿಗುತ್ತದೆ, "ನಾನು ನಿಭಾಯಿಸಿದೆ" ಅಂತ. ಒಳ್ಳೆಯ ನರ್ಸ್ ಅಂದರೆ ಯಾರಿಗೂ ತೊಂದರೆ ಕೊಡದೆ ಕೆಲಸ ಮುಗಿಸುವವರು ಅಂತ ನಾವೇ ಕಲಿಸಿದ್ದೇವೆ. ಹೀಗಾಗಿ ಒಬ್ಬರ ಜಾಣ್ಮೆ ಆ ಶಿಫ್ಟಿನಲ್ಲೇ ಮುಗಿದುಹೋಗುತ್ತದೆ. ಮರುದಿನ ಇನ್ನೊಬ್ಬರು ಅದೇ ತೊಂದರೆಯನ್ನು ಮೊದಲಿನಿಂದ ನೀಗಿಸುತ್ತಾರೆ. ಸುಧಾರಿಸಿಕೊಳ್ಳುವುದರಿಂದ ಬದಲಿಸುವುದಕ್ಕೆ ದಾಟುವ ಜಾಗ ತೀರಾ ಕಿರಿದು. ಯಾವ ಮನಸ್ಥಿತಿಯಲ್ಲಿ ಅದನ್ನು ದಾಟುತ್ತಾರೆ ಅನ್ನುವುದೇ ಮುಂದಿನ ಪ್ರಶ್ನೆಗಳ ವಿಷಯ.

"ಮಾನಸಿಕ ಸುರಕ್ಷತೆ" ಅನ್ನುವ ಮಾತು ತುಂಬಾ ಕೇಳಿಬರುತ್ತದೆ. ಹಾಗೆಂದರೇನು?

ಈ ತಂಡದಲ್ಲಿ ಪ್ರಶ್ನೆ ಕೇಳಿದರೆ, ತಪ್ಪು ಒಪ್ಪಿಕೊಂಡರೆ, ಬೇರೆ ಅಭಿಪ್ರಾಯ ಹೇಳಿದರೆ ನನ್ನ ಮಾನ ಹೋಗುವುದಿಲ್ಲ ಅನ್ನುವ ನಂಬಿಕೆ. ಒಬ್ಬರಿಗೆ ಮಾತ್ರ ಇದ್ದರೆ ಸಾಲದು, ತಂಡದ ಎಲ್ಲರಲ್ಲೂ ಇರಬೇಕು.

ಇದರ ಹಿಂದೆ ಒಂದು ಕುತೂಹಲದ ಕತೆ ಇದೆ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಇನ್ನೂ ಸಂಶೋಧನಾ ವಿದ್ಯಾರ್ಥಿನಿ. ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸುತ್ತಿದ್ದರು. ಒಗ್ಗಟ್ಟಿನಿಂದ ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅನ್ನುವುದು ಅವರ ಊಹೆ. ಬಂದ ಅಂಕಿ ನೋಡಿದರೆ ಉಲ್ಟಾ. ಚೆನ್ನಾಗಿರುವ ತಂಡಗಳಲ್ಲೇ ತಪ್ಪು ಜಾಸ್ತಿ! ಕೆದಕಿ ನೋಡಿದಾಗ ಗೊತ್ತಾಯಿತು: ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಹೆಚ್ಚು ಹೇಳುತ್ತಿದ್ದವು. ಬೇರೆ ಕಡೆ ತಪ್ಪುಗಳು ಮುಚ್ಚಿ ಹೋಗುತ್ತಿದ್ದವು. ಇದನ್ನು ಅವರು 1996ರಲ್ಲಿ ಬರೆದರು. 1999ರ ಅವರ ಲೇಖನದ ನಂತರ "ಮಾನಸಿಕ ಸುರಕ್ಷತೆ" ಅನ್ನುವ ಹೆಸರು ಎಲ್ಲ ಕಡೆ ಹಬ್ಬಿತು.

ಹೊಸತನಕ್ಕೂ ಇದಕ್ಕೂ ಏನು ಸಂಬಂಧ? ಹೊಸ ಉಪಾಯ ಹೇಳುವುದು ಅಂದರೆ ಈಗಿರುವುದು ಸರಿಯಿಲ್ಲ ಅಂತ ಹೇಳಿದ ಹಾಗೆ. ಈಗಿರುವುದನ್ನು ಮಾಡಿದವರು ಎದುರಿಗೇ ಕೂತಿರುತ್ತಾರೆ. ತಪ್ಪು ಒಪ್ಪಿಕೊಳ್ಳಲು ಎಷ್ಟು ಧೈರ್ಯ ಬೇಕೋ ಇದಕ್ಕೂ ಅಷ್ಟೇ ಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ಮೀಟಿಂಗಿನಲ್ಲಿ ಔಷಧಿ ಕಪಾಟು ಜೋಡಿಸುವ ಬಗ್ಗೆ ಏನೋ ಹೇಳಿದೆ. ಹಿರಿಯರೊಬ್ಬರು "ಬಂದು ಮೂರು ತಿಂಗಳಾಗಿಲ್ಲ, ಆಗಲೇ ಕಪಾಟು ಕಾಣಿಸ್ತಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಎರಡು ವರ್ಷ ಯಾವ ಮೀಟಿಂಗಿನಲ್ಲೂ ಬಾಯಿ ತೆರೆಯಲಿಲ್ಲ.

ಅಂದರೆ ಯಾರಿಗೂ ಏನೂ ಅನ್ನಬಾರದು ಅಂತಾನಾ?

ಅಲ್ಲ. ಅದು ಬರೀ ಸಲಿಗೆ. ಕೈ ತೊಳೆಯದೆ ಡ್ರೆಸ್ಸಿಂಗ್ ಮಾಡಿದವರಿಗೆ ಗಟ್ಟಿಯಾಗಿಯೇ ಹೇಳಬೇಕು. ಕೆಲಸದ ಮಟ್ಟ ಮೇಲೇ ಇರಬೇಕು, ಮಾತಾಡುವ ಭಯ ಮಾತ್ರ ಇಳಿಯಬೇಕು. ಮಟ್ಟವೂ ಇಳಿದು ಭಯವೂ ಇಳಿದರೆ ಎಲ್ಲರೂ ಆರಾಮಾಗಿರುತ್ತಾರೆ, ರೋಗಿಯೊಬ್ಬರನ್ನು ಬಿಟ್ಟು.

ನನಗೆ ಕೆಲಸ ಚೆನ್ನಾಗಿ ಬರುತ್ತದೆ. ಆದರೂ ಹೊಸದು ಮಾಡಲು ಧೈರ್ಯ ಬರುವುದಿಲ್ಲ. ಯಾಕೆ?

ಕೆಲಸದ ಮೇಲಿನ ಆತ್ಮವಿಶ್ವಾಸ ಬೇರೆ, "ನಾನು ಹೊಸದು ಯೋಚಿಸಬಲ್ಲೆ" ಅನ್ನುವ ವಿಶ್ವಾಸ ಬೇರೆ. ಕಣ್ಣು ಮುಚ್ಚಿ ರಕ್ತನಾಳಕ್ಕೆ ಕ್ಯಾನುಲಾ ಹಾಕುವವರು "ನಮಗೆಲ್ಲಿ ಅಂಥ ತಲೆ" ಅನ್ನುವುದನ್ನು ಬೇಕಾದಷ್ಟು ಸಲ ಕೇಳಿದ್ದೇನೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡುರಾ 1977ರಲ್ಲಿ, ಇಂಥ ವಿಶ್ವಾಸ ನಾಲ್ಕು ಕಡೆಯಿಂದ ಬರುತ್ತದೆ ಅಂದರು. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ನೋಡುವುದು, ನಂಬುವವರ ಮಾತು, ಮತ್ತು ಆ ಹೊತ್ತಿನಲ್ಲಿ ಮೈಮನಸ್ಸು ಹೇಗಿದೆ ಅನ್ನುವುದು. ಇವುಗಳಲ್ಲಿ ಮೊದಲನೆಯದರ ಬಲ ಬೇರೆಯವಕ್ಕಿಲ್ಲ. ಆದ್ದರಿಂದ "ನಿಮ್ಮ ಕೈಲಿ ಆಗುತ್ತೆ" ಅನ್ನುವ ಭಾಷಣಕ್ಕಿಂತ ಒಂದು ಚಿಕ್ಕ ಬದಲಾವಣೆ ಮಾಡಿ ಮುಗಿಸಲು ಬಿಡುವುದು ಮೇಲು. ಎರಡನೆಯದರಲ್ಲಿ "ತನ್ನಂಥವರು" ಅನ್ನುವುದನ್ನು ಗಮನಿಸಿ. ವೇದಿಕೆಗೆ ದೊಡ್ಡ ಪ್ರೊಫೆಸರರನ್ನು ಕರೆಸಿದರೆ ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ನಿದ್ದೆ ಬರುತ್ತದೆ. ಪಕ್ಕದ ವಾರ್ಡಿನ ಸಿಸ್ಟರ್ ಎದ್ದು "ನಾನು ಹೀಗೆ ಮಾಡಿದೆ, ಮೊದಲ ಸಲ ಕೆಟ್ಟಿತು, ಎರಡನೇ ಸಲ ಆಯಿತು" ಅಂದರೆ ಎಲ್ಲರೂ ಕಿವಿ ನಿಮಿರಿಸುತ್ತಾರೆ.

ಬಹುಮಾನ ಕೊಟ್ಟರೆ ಹೊಸ ಉಪಾಯಗಳು ಬರುತ್ತವೆಯಾ?

ಬರುತ್ತವೆ, ಬಹುಮಾನಕ್ಕೆ ತಕ್ಕಂಥವು. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಗಟಿನ ಆಟ ಕೊಟ್ಟು ನೋಡಿದರು. ದುಡ್ಡು ಪಡೆದು ಆಡಿದವರು, ದುಡ್ಡು ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಆ ಆಟಕ್ಕೆ ಕೈ ಹಾಕುವುದು ಕಡಿಮೆಯಾಯಿತು. ಒಳಗಿನ ಆಸೆ ಇರುವ ಕಡೆ ಹೊರಗಿನ ಆಮಿಷ ಇಟ್ಟರೆ ಒಳಗಿನದು ಮಂಕಾಗುವ ಅಪಾಯ ಇದೆ. ಹಾಗಂತ ಸಂಬಳ ಮುಖ್ಯ ಅಲ್ಲ ಅಂತ ಯಾರೂ ಅರ್ಥ ಮಾಡಿಕೊಳ್ಳಬೇಡಿ. ನ್ಯಾಯವಾದ ಸಂಬಳ ಕೊಡದೆ ಸೇವಾ ಮನೋಭಾವದ ಪಾಠ ಹೇಳುವವರ ಮುಂದೆ ಯಾವ ಉಪಾಯವೂ ಹುಟ್ಟುವುದಿಲ್ಲ.

ಹಾಗಾದರೆ ಏನು ಕೆಲಸಕ್ಕೆ ಬರುತ್ತದೆ? ತೆರೇಸಾ ಅಮಾಬಿಲೆ ಮತ್ತು ಅವರ ಜೊತೆಗಾರರು ಬೇರೆ ಬೇರೆ ಕಂಪನಿಗಳ 238 ಜನರಿಂದ ದಿನಾ ದಿನಚರಿ ಬರೆಸಿದರು. ಸುಮಾರು 12,000 ಪುಟ್ಟ ದಿನಚರಿಗಳು. ಮುಖ್ಯ ಅನ್ನಿಸುವ ಕೆಲಸದಲ್ಲಿ ಸ್ವಲ್ಪವಾದರೂ ಮುಂದೆ ಸಾಗಿದ ದಿನ ಜನರಿಗೆ ಹುಮ್ಮಸ್ಸು ಜಾಸ್ತಿ ಇರುತ್ತಿತ್ತು. ಅವರು ನರ್ಸ್‌ಗಳಲ್ಲ, ನಿಜ. ಆದರೆ ಎಂಟು ದಿನದಿಂದ ಒಣಗದ ಗಾಯ ಹೊಸ ರೀತಿಯ ಡ್ರೆಸ್ಸಿಂಗಿನಿಂದ ಒಣಗತೊಡಗಿದ ದಿನ ವಾರ್ಡಿನಲ್ಲಿ ಮುಖಗಳು ಹೇಗಿರುತ್ತವೆ ಅಂತ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಸಲಹಾ ಪೆಟ್ಟಿಗೆ ಇಟ್ಟರೆ ಸಾಲದಾ?

ಪೆಟ್ಟಿಗೆಗೆ ಹಾಕಿದ ಚೀಟಿಗೆ ಉತ್ತರ ಬರುವುದಾದರೆ ಸಾಕು. ನಾನು ಕಂಡ ಹೆಚ್ಚಿನ ಪೆಟ್ಟಿಗೆಗಳ ಬೀಗದ ಕೈ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

"ಅಧಿಕಾರ ಕೊಡಿ" ಅನ್ನುತ್ತಾರೆ. ನರ್ಸ್‌ಗೆ ಯಾವ ಅಧಿಕಾರ ಬೇಕು?

ಕುರ್ಚಿಯ ಅಧಿಕಾರ ಅಲ್ಲ, ಮನಸ್ಸಿಗೆ ಅನ್ನಿಸುವ ಅಧಿಕಾರ. ಸಂಶೋಧಕಿ ಗ್ರೆಚೆನ್ ಸ್ಪ್ರೈಟ್ಜರ್ 1995ರಲ್ಲಿ ಇದನ್ನು ನಾಲ್ಕು ಎಳೆಗಳಾಗಿ ಬಿಡಿಸಿದರು: ಈ ಕೆಲಸಕ್ಕೆ ಅರ್ಥವಿದೆ, ನನಗೆ ಇದು ಬರುತ್ತದೆ, ಹೇಗೆ ಮಾಡಬೇಕು ಅನ್ನುವುದರಲ್ಲಿ ನನ್ನ ಮಾತು ನಡೆಯುತ್ತದೆ, ನಾನು ಮಾಡಿದ್ದರಿಂದ ಇಲ್ಲಿ ಏನಾದರೂ ಬದಲಾಗುತ್ತದೆ. ನರ್ಸ್‌ಗಳಿಗೆ ಮೊದಲ ಎರಡು ಸಾಮಾನ್ಯವಾಗಿ ಧಾರಾಳವಾಗಿ ಇರುತ್ತವೆ. ಕೊನೆಯ ಎರಡು ಸೊರಗುವುದನ್ನೇ ನಾನು ಹೆಚ್ಚು ಕಂಡಿದ್ದೇನೆ. ಅರ್ಥವಿದೆ, ಕೈಯಲ್ಲಿ ಕೆಲಸವಿದೆ, ಮಾತು ಮಾತ್ರ ನಡೆಯುವುದಿಲ್ಲ ಅನ್ನುವ ಸ್ಥಿತಿ ಇದೆಯಲ್ಲ, ಅದು ಬೇಸರಕ್ಕಿಂತ ಕಹಿ.

ಮಾತು ನಡೆದರೆ ಏನಾಗುತ್ತದೆ ಅನ್ನುವುದಕ್ಕೆ ಐಸಿಯುಗಳ ಚೆಕ್‌ಲಿಸ್ಟ್ ಒಳ್ಳೆಯ ಉದಾಹರಣೆ. ದೊಡ್ಡ ರಕ್ತನಾಳಕ್ಕೆ ಲೈನ್ (ತೆಳು ಕೊಳವೆ) ಹಾಕುವಾಗ ಸೋಂಕು ತಡೆಯಲು ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ಕೆಲವೇ ಹೆಜ್ಜೆಗಳ ಪಟ್ಟಿ ಮಾಡಿದರು. ಪಟ್ಟಿಯಲ್ಲಿ ಹೊಸದೇನೂ ಇರಲಿಲ್ಲ. ಹೊಸದು ಇದ್ದದ್ದು ಇನ್ನೊಂದು ಕಡೆ: ಡಾಕ್ಟರ್ ಒಂದು ಹೆಜ್ಜೆ ಬಿಟ್ಟರೆ ನರ್ಸ್ ಅವರನ್ನು ತಡೆಯಬಹುದು, ಆಡಳಿತ ನರ್ಸ್‌ನ ಬೆನ್ನಿಗೆ ನಿಲ್ಲುತ್ತದೆ. ಅಮೆರಿಕದ ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇದನ್ನು ಮಾಡಿದಾಗ ಸೋಂಕಿನ ಪ್ರಮಾಣ ಹೆಚ್ಚೆಂದರೆ ಶೇಕಡಾ 66ರಷ್ಟು ಕಡಿಮೆಯಾಯಿತು ಅಂತ 2006ರಲ್ಲಿ ವರದಿಯಾಯಿತು. ಬರೀ ಕಾಗದದಿಂದ ಅಷ್ಟು ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಡಾಕ್ಟರ್ ಎದುರು ನಿಂತರೆ ಮಾತೇ ಹೊರಡುವುದಿಲ್ಲ. ಏನು ಮಾಡಲಿ?

ಮಾತಿಗೆ ಮೊದಲೇ ಒಂದು ಚೌಕಟ್ಟು ಇದ್ದರೆ ಹೆದರಿಕೆ ಕಡಿಮೆಯಾಗುತ್ತದೆ. ಎಸ್‌ಬಿಎಆರ್ (SBAR) ಕೇಳಿರಬಹುದು, ನಾಲ್ಕು ವಿಷಯ ಒಂದೇ ಕ್ರಮದಲ್ಲಿ ಹೇಳುವುದು: ಈಗ ಏನಾಗುತ್ತಿದೆ, ಹಿಂದಿನದೇನು, ನನಗೆ ಏನನ್ನಿಸುತ್ತದೆ, ಏನು ಮಾಡಬೇಕು ಅನ್ನುತ್ತೇನೆ. ಇದು ಅಮೆರಿಕದ ನೌಕಾದಳದ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ. ಎಲ್ಲರೂ ಇದನ್ನು ಮಾಹಿತಿ ಕೊಡುವ ವಿಧಾನ ಅಂತ ಕಲಿಸುತ್ತಾರೆ. ನನ್ನ ಕಣ್ಣಿಗೆ ಇದರ ಬೆಲೆ ಇರುವುದು ಕೊನೆಯ ಎರಡರಲ್ಲಿ. ನರ್ಸ್‌ಗೆ ಒಂದು ಅಭಿಪ್ರಾಯ ಇದೆ, ಅದನ್ನು ಹೇಳುವುದು ಅಧಿಕಪ್ರಸಂಗ ಅಲ್ಲ, ಕೆಲಸದ ಭಾಗ ಅಂತ ಆ ಚೌಕಟ್ಟೇ ಹೇಳುತ್ತದೆ. ರೋಗಿಯ ವಿಷಯದಲ್ಲಿ ಹೀಗೆ ಹೇಳಿ ಅಭ್ಯಾಸ ಆದವರಿಗೆ ವಾರ್ಡಿನ ವಿಷಯದಲ್ಲಿ ಹೇಳುವುದೂ ಸಲೀಸಾಗುತ್ತದೆ.

ಒತ್ತಡ ಇದ್ದಾಗಲೇ ಅಲ್ವಾ ಹೊಸ ದಾರಿ ಹೊಳೆಯುವುದು?

ಅರ್ಧ ನಿಜ. 2020ರಲ್ಲಿ ಕೋವಿಡ್ ಬಂದಾಗ ಅನೇಕ ಆಸ್ಪತ್ರೆಗಳಲ್ಲಿ ಡ್ರಿಪ್ ಪಂಪುಗಳನ್ನು ಉದ್ದ ಟ್ಯೂಬ್ ಹಾಕಿ ಕೋಣೆಯ ಹೊರಗೆ ಇಟ್ಟರು. ಪಂಪ್ ಕೂಗಿದಾಗಲೆಲ್ಲ ಪಿಪಿಇ ಹಾಕಿಕೊಂಡು ಒಳಗೆ ಓಡುವುದು ತಪ್ಪಿತು. ಒತ್ತಡದಲ್ಲೇ ಹುಟ್ಟಿದ ಉಪಾಯ. ಆದರೆ ಆಗ ಇನ್ನೊಂದು ಸಂಗತಿಯೂ ಬದಲಾಗಿತ್ತು. ಹಳೆಯ ನಿಯಮಗಳು ಸಡಿಲಾಗಿದ್ದವು, ಹೊಸದನ್ನು ಮಾಡಿ ನೋಡಲು ಹತ್ತು ಸಹಿ ಬೇಕಿರಲಿಲ್ಲ. ಒತ್ತಡ ಇದ್ದೂ ಕೈ ಕಟ್ಟಿದ್ದರೆ ಬರುವುದು ಉಪಾಯವಲ್ಲ, ಸುಸ್ತು.

ಸುಸ್ತಾದ ನರ್ಸ್‌ನಿಂದ ಹೊಸತನ ನಿರೀಕ್ಷಿಸಬಹುದಾ?

ನಿರೀಕ್ಷಿಸಬಾರದು. ಬರ್ನ್‌ಔಟ್ ಬಗ್ಗೆ ಹೆಚ್ಚು ಕೆಲಸ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಅದರಲ್ಲಿ ಮೂರು ಸಂಗತಿ ಕಂಡರು: ಮನಸ್ಸು ಬತ್ತಿಹೋಗುವುದು, ಎದುರಿಗಿರುವವರು ಮನುಷ್ಯರು ಅನ್ನುವುದು ಮರೆತಂತಾಗುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಹೊಸತನಕ್ಕೆ ಬೇಕಾದದ್ದು ಇದರ ಸರಿಯಾದ ಉಲ್ಟಾ: ಉಳಿದ ಶಕ್ತಿ, ರೋಗಿಯ ಮೇಲೆ ಗಮನ, ನನ್ನಿಂದ ಆಗುತ್ತದೆ ಅನ್ನುವ ನಂಬಿಕೆ.

ಕೆಲಸದ ಹೊರೆ ಇಲ್ಲಿ ನೇರವಾಗಿ ಬರುತ್ತದೆ. ಲಿಂಡಾ ಐಕನ್ ಮತ್ತು ತಂಡ 2002ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ ಹೇಳಿದ್ದು ಇದು: ಒಬ್ಬ ನರ್ಸ್‌ಗೆ ಒಬ್ಬೊಬ್ಬ ರೋಗಿ ಹೆಚ್ಚಾದ ಹಾಗೆಲ್ಲ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನದೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು, ನರ್ಸ್ ಬರ್ನ್‌ಔಟ್ ಆಗುವ ಸಂಭವ ಶೇಕಡಾ 23ರಷ್ಟು ಹೆಚ್ಚು. ಒಬ್ಬರ ಕೈಗೆ ಹನ್ನೆರಡು ರೋಗಿಗಳನ್ನು ಕೊಟ್ಟು ಆಮೇಲೆ "ಹೊಸತನ ಕಾರ್ಯಾಗಾರ" ನಡೆಸುವುದು ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗೆ. ಕಾರ್ಯಾಗಾರ ಡ್ಯೂಟಿ ಮುಗಿದ ಮೇಲೆ ಇಟ್ಟಿದ್ದರಂತೂ ಕೇಳುವುದೇ ಬೇಡ.

ಎಲ್ಲರೂ ಮೇಲಿನವರ ಕಡೆಗೇ ಕೈ ತೋರಿಸುತ್ತಾರೆ. ವಾರ್ಡ್ ಇನ್‌ಚಾರ್ಜ್ ಆಗಿ ನಾನು ನಿಜವಾಗಿ ಏನು ಮಾಡಬಹುದು?

ಬಜೆಟ್ ನಿಮ್ಮ ಕೈಯಲ್ಲಿ ಇಲ್ಲ, ಜನ ಸಾಲದು, ಗೊತ್ತು. ಆದರೆ ಯಾರಾದರೂ ಏನಾದರೂ ಹೇಳಿದ ಮೊದಲ ಹತ್ತು ಸೆಕೆಂಡು ನಿಮ್ಮ ಕೈಯಲ್ಲಿದೆ. ಆ ಹತ್ತು ಸೆಕೆಂಡಿನಲ್ಲಿ ನಿಮ್ಮ ಮುಖ ಹೇಗಿತ್ತು ಅನ್ನುವುದು ಇಡೀ ವಾರ್ಡಿಗೆ ಸಂಜೆಯೊಳಗೆ ಗೊತ್ತಾಗುತ್ತದೆ.

2006ರ ಒಂದು ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಗ್ರಿಡ್ ನೆಂಬಾರ್ಡ್ ಮತ್ತು ಎಡ್ಮಂಡ್ಸನ್ 23 ನವಜಾತ ಶಿಶು ಐಸಿಯುಗಳನ್ನು ನೋಡಿದರು. ಹುದ್ದೆ ಕೆಳಗಿದ್ದಷ್ಟೂ ಮಾತಾಡುವ ಧೈರ್ಯ ಕಡಿಮೆ. ಅದು ಗೊತ್ತಿದ್ದದ್ದೇ. ಆದರೆ ಮುಂದಾಳು ಬಾಯಿ ಬಿಟ್ಟು ಅಭಿಪ್ರಾಯ ಕೇಳುವ, ಹೇಳಿದ್ದಕ್ಕೆ ಬೆಲೆ ಕೊಡುವ ಕಡೆ ಹುದ್ದೆಯ ಈ ಅಂತರ ತಗ್ಗಿತ್ತು. "ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತದೆ" ಅನ್ನುವುದು ಕೇಳಿದ ಹಾಗಲ್ಲ. ಬಾಗಿಲು ತೆರೆದಿದ್ದರೂ ಒಳಗೆ ಬರಲು ಕಾಲು ಬರಬೇಕಲ್ಲ. ನೀವೇ ಹೋಗಿ, ಹೆಸರು ಹಿಡಿದು, ಒಂದು ನಿರ್ದಿಷ್ಟ ವಿಷಯ ಕೇಳಬೇಕು: "ನಿನ್ನೆ ರಾತ್ರಿ ಅತಿ ಹೆಚ್ಚು ಸಮಯ ಹಾಳಾದದ್ದು ಯಾವುದರಲ್ಲಿ?"

ಬಂದ ಉಪಾಯ ಆಗುವಂಥದ್ದಲ್ಲ ಅನ್ನಿಸಿದರೆ ಯಾಕೆ ಅಂತ ಹೇಳಿ. ಇಲ್ಲ ಅಂದದ್ದಕ್ಕಿಂತ ಸುಮ್ನೆ ಇದ್ದದ್ದೇ ಜನರಿಗೆ ಹೆಚ್ಚು ನೋಯಿಸುತ್ತದೆ. ಆಗುವಂಥದ್ದಾದರೆ ಹೇಳಿದವರ ಹೆಸರಿನ ಜೊತೆಗೇ ಮೇಲಕ್ಕೆ ಕಳಿಸಿ. ಉಪಾಯ ಮೇಲೆ ಹೋಗುವ ದಾರಿಯಲ್ಲಿ ಹೆಸರು ಬದಲಾಗುವುದನ್ನು ನೋಡಿದವರು ಎರಡನೇ ಸಲ ಏನೂ ಹೇಳುವುದಿಲ್ಲ. ಮತ್ತೆ, ನಿಮ್ಮ ತಪ್ಪೊಂದನ್ನು ಆಗಾಗ ಎಲ್ಲರ ಮುಂದೆ ಹೇಳಿಕೊಳ್ಳಿ. ನಾಟಕ ಬೇಡ, ನಿಜವಾದ ತಪ್ಪು ಹೇಗೂ ಸಿಗುತ್ತದೆ.

ಹೊಸಬರಿಂದ ಹೆಚ್ಚು ಬರುತ್ತದೆಯಾ, ಅನುಭವಿಗಳಿಂದಲಾ?

ಹೊಸಬರಿಗೆ "ಇದು ಯಾಕೆ ಹೀಗೆ?" ಅನ್ನಿಸುತ್ತದೆ, ಉತ್ತರ ಗೊತ್ತಿರುವುದಿಲ್ಲ. ಅನುಭವಿಗಳಿಗೆ ಉತ್ತರ ಗೊತ್ತಿರುತ್ತದೆ, ಪ್ರಶ್ನೆ ಏಳುವುದು ನಿಂತಿರುತ್ತದೆ. ಒಂದೇ ಶಿಫ್ಟಿನಲ್ಲಿ ಇಬ್ಬರನ್ನೂ ಜೋಡಿ ಮಾಡಿ ನೋಡಿ. ಸೇರಿದ ಮೊದಲ ತಿಂಗಳಲ್ಲಿ ವಿಚಿತ್ರ ಅನ್ನಿಸಿದ್ದನ್ನೆಲ್ಲ ಬರೆದಿಡಲು ಹೊಸಬರಿಗೆ ಹೇಳಿ. ಆರು ತಿಂಗಳಾದರೆ ಅವರಿಗೂ ಅದು ಕಾಣಿಸುವುದಿಲ್ಲ.

ನಿಯಮ ಮೀರುವುದು ಹೊಸತನ ಹೇಗಾಗುತ್ತದೆ? ಅಪಾಯ ಅಲ್ವಾ?

ಒಳ್ಳೆಯ ಪ್ರಶ್ನೆ, ಎಲ್ಲರೂ ಇದನ್ನು ಕೇಳಬೇಕು. ರೋಗಿಯ ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಔಷಧಿ ಕೊಡುವ ವ್ಯವಸ್ಥೆ ತಗೊಳ್ಳಿ. ರಾಸ್ ಕೊಪೆಲ್ ಮತ್ತು ತಂಡ 2008ರಲ್ಲಿ, ನರ್ಸ್‌ಗಳು ಇದನ್ನು ದಾಟಿ ಹೋಗುವ 15 ಬಗೆಯ ಅಡ್ಡದಾರಿಗಳನ್ನು ಪಟ್ಟಿ ಮಾಡಿದರು. ಬಾರ್‌ಕೋಡಿನ ಇನ್ನೊಂದು ಪ್ರತಿ ಬೇರೆಲ್ಲೋ ಅಂಟಿಸಿಕೊಂಡು ಅಲ್ಲೇ ಸ್ಕ್ಯಾನ್ ಮಾಡುವುದು, ಇಂಥವು. ಇವು ಅಪಾಯವೇ, ಅನುಮಾನ ಬೇಡ. ಆದರೆ ಅವರು ಆ ಅಡ್ಡದಾರಿಗಳ ಹಿಂದೆ 31 ಬಗೆಯ ಕಾರಣಗಳನ್ನೂ ಪಟ್ಟಿ ಮಾಡಿದರು: ಓದಲಾಗದ ಬಾರ್‌ಕೋಡು, ಬ್ಯಾಟರಿ ಮುಗಿದ ಸ್ಕ್ಯಾನರು, ಒದ್ದೆಯಾದ ಕೈಪಟ್ಟಿ. ಪ್ರತಿಯೊಂದು ಅಡ್ಡದಾರಿಯೂ ವ್ಯವಸ್ಥೆಯ ಮೇಲೆ ಯಾರೂ ಬರೆಯದ ಒಂದು ದೂರು.

ಗುಟ್ಟಾಗಿ ಮಾಡಿದರೆ ಅದು ಅಡ್ಡದಾರಿ. ಬೆಳಕಿಗೆ ತಂದು, ಎಲ್ಲರೂ ನೋಡಿ, ರೋಗಿಗೆ ಹಾನಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಪ್ಪಿಗೆ ಪಡೆದು ಮಾಡಿದರೆ ಹೊಸತನ. ಅಡ್ಡದಾರಿ ಕಂಡ ಕೂಡಲೇ ಮೆಮೋ ಕೊಡುವ ಆಸ್ಪತ್ರೆಯಲ್ಲಿ ಅವು ನಿಲ್ಲುವುದಿಲ್ಲ, ಇನ್ನಷ್ಟು ಒಳಗೆ ಅಡಗುತ್ತವೆ.

ನಾನು ಸ್ವಭಾವದಲ್ಲೇ ಮೆತ್ತಗೆ. ನನ್ನಂಥವರಿಗೆ ಇದು ಆಗುತ್ತದಾ?

ಆಗುತ್ತದೆ. ಮನಶ್ಶಾಸ್ತ್ರಜ್ಞ ಮೈಕೆಲ್ ಕರ್ಟನ್ 1976ರಲ್ಲಿ ಹೇಳಿದ ಮಾತು ಇಲ್ಲಿ ಹೊಂದುತ್ತದೆ: ಕೆಲವರು ಇರುವುದನ್ನೇ ತಿದ್ದಿ ಚೆನ್ನಾಗಿ ಮಾಡುತ್ತಾರೆ, ಕೆಲವರು ಬೇರೆಯದನ್ನೇ ಮಾಡುತ್ತಾರೆ. ಇಬ್ಬರೂ ಸೃಜನಶೀಲರೇ. ಆಸ್ಪತ್ರೆಯಂಥ ಜಾಗಕ್ಕೆ ಮೊದಲನೆಯವರು ಜಾಸ್ತಿ ಬೇಕು ಅಂತ ನನ್ನ ಅನಿಸಿಕೆ. ಮೀಟಿಂಗಿನಲ್ಲಿ ಹೇಳಲಾಗದಿದ್ದರೆ ಬರೆದು ಕೊಡಿ, ಇಲ್ಲವೇ ಮಾತು ಬಲ್ಲ ಗೆಳತಿಯ ಜೊತೆ ಹೋಗಿ.

ನಾಳೆಯ ಶಿಫ್ಟಿನಲ್ಲಿ ಶುರು ಮಾಡಬೇಕು ಅಂದರೆ?

ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ನೀವು ಸುಧಾರಿಸಿಕೊಂಡ ಪ್ರತಿ ಸಲವೂ ಒಂದು ಸಾಲು ಬರೆಯಿರಿ. ಒಂದೇ ಸಂಗತಿ ಮೂರು ಸಲ ಬಂದರೆ ಅದನ್ನು ಹಿಡಿಯಿರಿ. ದೊಡ್ಡದನ್ನು ಹಿಡಿಯಬೇಡಿ, ನಿಮ್ಮ ವಾರ್ಡಿನೊಳಗೇ ಮುಗಿಯುವಂಥದ್ದು ಇರಲಿ.

ಆಮೇಲೆ ಇನ್‌ಚಾರ್ಜ್ ಹತ್ತಿರ ಹೋಗಿ "ವ್ಯವಸ್ಥೆ ಸರಿಯಿಲ್ಲ" ಅನ್ನಬೇಡಿ. "ಈ ವಾರ ಸಿರಿಂಜ್ ಪಂಪ್ ಹುಡುಕುವುದರಲ್ಲಿ ನಾಲ್ಕು ಸಲ ಹತ್ತು ಹತ್ತು ನಿಮಿಷ ಹೋಯಿತು. ಮೂರು ದಿನ ಪಂಪುಗಳನ್ನು ಒಂದೇ ಕಡೆ ಇಟ್ಟು ನೋಡಲಾ?" ಅಂತ ಕೇಳಿ. ಲೆಕ್ಕ ಇದೆ, ಕೆಲಸ ಚಿಕ್ಕದು, ಕೆಟ್ಟರೆ ಹಳೆಯ ಜಾಗಕ್ಕೆ ಇಡಬಹುದು. ಇಲ್ಲ ಅನ್ನಲು ಎದುರಿಗಿದ್ದವರಿಗೆ ಕಾರಣ ಹುಡುಕಬೇಕಾಗುತ್ತದೆ. ಒಬ್ಬ ನರ್ಸ್, ಒಬ್ಬ ರೋಗಿ, ಒಂದು ಶಿಫ್ಟ್, ಅಷ್ಟರಲ್ಲಿ ಮಾಡಿ ನೋಡುವುದು ಗುಣಮಟ್ಟ ಸುಧಾರಣೆಯ ಕೆಲಸದಲ್ಲಿ ಬಹಳ ಹಿಂದಿನಿಂದ ಇರುವ ಪದ್ಧತಿ. ಮನಸ್ಸಿಗೂ ಅದೇ ಹಿತ. ಮೂರು ದಿನದ ಪ್ರಯೋಗ ಸೋತರೆ ಯಾರೂ ಸೋತ ಹಾಗೆ ಅನ್ನಿಸುವುದಿಲ್ಲ.

ಎಷ್ಟು ಹೇಳಿದರೂ ಕೇಳುವವರೇ ಇಲ್ಲದಿದ್ದರೆ?

ಹಾಗೂ ಇರುತ್ತದೆ. ಕೆಲವು ವಾರ್ಡುಗಳಲ್ಲಿ ಎಷ್ಟು ಪುಸ್ತಕ ತುಂಬಿಸಿದರೂ ಏನೂ ಆಗುವುದಿಲ್ಲ. ಅದನ್ನು ನಿಮ್ಮ ಸಾಮರ್ಥ್ಯದ ಮೇಲೆ ಹಾಕಿಕೊಳ್ಳಬೇಡಿ. ಡೆನ್ಮಾರ್ಕಿನ ಆ ಚೀಲದ ವಿಷಯದಲ್ಲಿ ಮಾಲೀಕ ಒಪ್ಪದಿದ್ದಾಗ ಅವರ ಮನೆಯಲ್ಲೇ ಒಬ್ಬರು ನರ್ಸ್ ಇದ್ದರು. ನಿಮ್ಮ ಆಸ್ಪತ್ರೆಯಲ್ಲೂ ನಿರ್ಧಾರ ಮಾಡುವವರ ಪಕ್ಕದಲ್ಲಿ, ವಾರ್ಡಿನ ಕಷ್ಟ ಗೊತ್ತಿರುವ ಒಬ್ಬರು ಇರಬಹುದು. ಸೋಂಕು ನಿಯಂತ್ರಣದ ನರ್ಸ್, ಕ್ವಾಲಿಟಿ ವಿಭಾಗದವರು, ಫಾರ್ಮಸಿಯ ಒಬ್ಬರು, ರೌಂಡ್ಸಿನಲ್ಲಿ ನಿಂತು ಕೇಳುವ ಒಬ್ಬ ಕಿರಿಯ ಡಾಕ್ಟರ್. ಅವರನ್ನು ಹುಡುಕಿ, ಆ ಜೇಬಿನ ಪುಸ್ತಕ ತೋರಿಸಿ.